ಕಾರಿನಲ್ಲಿ ಚಾರ್ಜಿಂಗ್ ಮತ್ತು ಇನ್ವರ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲದಲ್ಲಿ ಮಲೆನಾಡಿನ ಹಳ್ಳಿಗಳಲ್ಲಿ ಕರೆಂಟ್ ಹೋದರೆ ಕೆಲವೊಮ್ಮೆ ಎರಡು ಮೂರು ದಿನ ಬರುವುದಿಲ್ಲ. ಆಗ ಮನೆಯವರೆಲ್ಲರ ಮೊಬೈಲ್ ಕಾರಿನಲ್ಲೇ ಚಾರ್ಜ್ ಆಗಬೇಕು. ಮದುವೆ ಫೋಟೋ ತೆಗೆಯುವವರು ಒಂದು ಛತ್ರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಕ್ಯಾಮೆರಾ ಬ್ಯಾಟರಿ ತುಂಬಿಸಿಕೊಳ್ಳುತ್ತಾರೆ. ಟ್ಯಾಕ್ಸಿ ಓಡಿಸುವವರಿಗಂತೂ ದಿನವಿಡೀ ಮ್ಯಾಪ್ ಬೇಕು. ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಇಲ್ಲಿರುವ ಉತ್ತರಗಳು 12 ವೋಲ್ಟ್ ಬ್ಯಾಟರಿಯ ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಿಗೆ. ಲಾರಿ ಮತ್ತು ಎಲೆಕ್ಟ್ರಿಕ್ ಕಾರಿನ ವಿಷಯ ಕೊನೆಯಲ್ಲಿದೆ.

ಕಾರಿನ ಸಾಕೆಟ್‌ನಿಂದ ಎಷ್ಟು ಕರೆಂಟ್ ತೆಗೆಯಬಹುದು?

ಸಾಕೆಟ್‌ನ ಮುಚ್ಚಳದ ಮೇಲೋ ಪಕ್ಕದಲ್ಲೋ ಬರೆದಿರುತ್ತದೆ, ಓದಿ ನೋಡಿ. ನಮ್ಮ ದೇಶದ ಬಹಳಷ್ಟು ಸಣ್ಣ ಕಾರುಗಳಲ್ಲಿ 12 ವೋಲ್ಟ್, 120 ವ್ಯಾಟ್ ಎಂದಿರುತ್ತದೆ. ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 120 ಭಾಗಿಸು 12 ಅಂದರೆ 10 ಆಂಪಿಯರ್. ಕೆಲವು ಕಾರುಗಳಲ್ಲಿ 15 ಅಥವಾ 20 ಆಂಪಿಯರ್‌ವರೆಗೂ ಇರುತ್ತದೆ. ಮುಚ್ಚಳದಲ್ಲಿ ಇಲ್ಲದಿದ್ದರೆ ಕಾರಿನ ಮ್ಯಾನ್ಯುಯಲ್‌ನಲ್ಲಿ ಇದ್ದೇ ಇರುತ್ತದೆ.

ಈ ಒಂದು ಭಾಗಾಕಾರ ಗೊತ್ತಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು. ಮನೆಯಲ್ಲಿ 230 ವೋಲ್ಟ್ ಇರುವುದರಿಂದ 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ನಾಲ್ಕೂವರೆ ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ. ಅದೇ 1000 ವ್ಯಾಟ್ 12 ವೋಲ್ಟ್‌ನಿಂದ ಬರಬೇಕಾದರೆ 83 ಆಂಪಿಯರ್ ಬೇಕು. ಕಾರಿನಲ್ಲಿ ವೈರು ಬಿಸಿಯಾಗುವುದು, ಫ್ಯೂಸ್ ಹೋಗುವುದು ಎಲ್ಲಾ ಈ ಆಂಪಿಯರ್‌ನಿಂದಲೇ.

ಕಾರಿನ ಯುಎಸ್‌ಬಿ ಪೋರ್ಟ್‌ನಲ್ಲಿ ಮೊಬೈಲ್ ಯಾಕೆ ಇಷ್ಟು ನಿಧಾನ ಚಾರ್ಜ್ ಆಗುತ್ತದೆ?

ಮ್ಯೂಸಿಕ್ ಸಿಸ್ಟಮ್ ಜೊತೆ ಬರುವ ಪೋರ್ಟ್ ಹಾಡು ಕೇಳಲು, ಫೋನನ್ನು ಸ್ಕ್ರೀನಿಗೆ ಜೋಡಿಸಲು ಇರುವಂಥದ್ದು. ಹಳೆಯ ಕಾರುಗಳಲ್ಲಿ ಅದು ಕೊಡುವುದು 5 ವೋಲ್ಟ್‌ನಲ್ಲಿ ಅರ್ಧದಿಂದ ಒಂದು ಆಂಪಿಯರ್ ಅಷ್ಟೇ. ಅಂದರೆ ಎರಡೂವರೆಯಿಂದ ಐದು ವ್ಯಾಟ್. ಮ್ಯಾಪ್ ಹಾಕಿಕೊಂಡು, ಸ್ಕ್ರೀನ್ ಪೂರ್ತಿ ಬೆಳಗಿಸಿಕೊಂಡು ಹೋಗುವಾಗ ಫೋನ್ ಅಷ್ಟನ್ನೂ ತಾನೇ ತಿಂದುಬಿಡುತ್ತದೆ. ಬೆಂಗಳೂರಿನಿಂದ ಹೊರಟು ಹಾಸನ ಮುಟ್ಟಿದರೂ ಚಾರ್ಜ್ ಇದ್ದಲ್ಲೇ ಇರುವುದು ಅದಕ್ಕೇ.

12 ವೋಲ್ಟ್ ಸಾಕೆಟ್‌ಗೆ ಒಳ್ಳೆಯ ಫಾಸ್ಟ್ ಚಾರ್ಜರ್ ಹಾಕಿದರೆ ಈ ತೊಂದರೆ ಮುಗಿಯಿತು. ಫೋನ್ ಬಿಸಿಲಿಗೆ ಕಾದಿದ್ದರೆ ಮಾತ್ರ ಯಾವ ಚಾರ್ಜರ್ ಹಾಕಿದರೂ ಅದು ತಾನಾಗಿಯೇ ಚಾರ್ಜಿಂಗ್ ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಗಾಜಿನ ಹತ್ತಿರದ ಸ್ಟ್ಯಾಂಡ್‌ನಿಂದ ತೆಗೆದು ಎಸಿ ಗಾಳಿ ಬರುವ ಕಡೆ ಇಡಿ.

ಕಾರ್ ಚಾರ್ಜರ್ ಕೊಳ್ಳುವಾಗ ಏನು ನೋಡಬೇಕು?

ಮೈಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ನೋಡಿ. ಇನ್‌ಪುಟ್ 12-24 ವೋಲ್ಟ್ ಎಂದಿರಬೇಕು. ಔಟ್‌ಪುಟ್‌ನಲ್ಲಿ 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 2 ಆಂಪಿಯರ್ ಎಂಬಂಥ ಸಾಲುಗಳಿರುತ್ತವೆ. 9 ವೋಲ್ಟ್ 2 ಆಂಪಿಯರ್ ಅಂದರೆ 18 ವ್ಯಾಟ್, ಮೊಬೈಲ್‌ಗೆ ಸಾಕು. ಬರೀ "ಸೂಪರ್ ಫಾಸ್ಟ್" ಎಂದು ಬರೆದು, ವೋಲ್ಟ್ ಆಂಪಿಯರ್ ಏನೂ ಹೇಳದ ಚಾರ್ಜರ್ ಬೇಡ. ಎರಡು ಪೋರ್ಟ್ ಇದ್ದರೆ ಎರಡನ್ನೂ ಒಟ್ಟಿಗೆ ಬಳಸಿದಾಗ ಎಷ್ಟು ಕೊಡುತ್ತದೆ ಎನ್ನುವುದನ್ನೂ ಓದಿ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಬಹಳ ಸಲ ಎರಡೂ ಪೋರ್ಟ್ ಕೂಡಿಸಿದ್ದು.

ತೀರಾ ಅಗ್ಗದ ಚಾರ್ಜರ್‌ಗಳಿಗೆ ಇನ್ನೊಂದು ಗುಣವಿದೆ. ಹಾಕಿದ ಕೂಡಲೇ ಎಫ್‌ಎಂ ರೇಡಿಯೋ ಗೊರಗೊರ ಅನ್ನುತ್ತದೆ. ಒಳಗೆ ಫಿಲ್ಟರ್ ಸರಿಯಾಗಿ ಹಾಕಿಲ್ಲ ಎನ್ನುವುದಕ್ಕೆ ಅದೇ ಗುರುತು. ಅಂಥದ್ದಕ್ಕೆ ದುಬಾರಿ ಫೋನ್ ಸಿಕ್ಕಿಸಬೇಡಿ.

ಲ್ಯಾಪ್‌ಟಾಪ್ ಚಾರ್ಜ್ ಮಾಡಲು ಇನ್ವರ್ಟರ್ ಬೇಕೇ ಬೇಕಾ?

ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಿಗೆ ಬೇಡ. ಟೈಪ್-ಸಿ ಪೋರ್ಟ್‌ನಲ್ಲಿ ಚಾರ್ಜ್ ಆಗುವ ಲ್ಯಾಪ್‌ಟಾಪ್ ಆದರೆ 65 ವ್ಯಾಟ್‌ನ ಪಿಡಿ (ಪವರ್ ಡೆಲಿವರಿ ಎಂಬ ಯುಎಸ್‌ಬಿ ಫಾಸ್ಟ್ ಚಾರ್ಜಿಂಗ್ ವಿಧಾನ) ಕಾರ್ ಚಾರ್ಜರ್ ಮತ್ತು ಅದಕ್ಕೆ ತಕ್ಕ ಕೇಬಲ್ ಸಾಕು.

ಇನ್ವರ್ಟರ್ ಹಾಕಿದರೆ ಏನಾಗುತ್ತದೆ ನೋಡಿ. ಅದು 12 ವೋಲ್ಟನ್ನು 230 ವೋಲ್ಟ್ ಮಾಡುತ್ತದೆ. ಲ್ಯಾಪ್‌ಟಾಪ್‌ನ ಅಡಾಪ್ಟರ್ ಆ 230 ವೋಲ್ಟನ್ನು ಮತ್ತೆ 20 ವೋಲ್ಟ್‌ಗೆ ಇಳಿಸುತ್ತದೆ. ಎರಡು ಕಡೆ ಕರೆಂಟ್ ಸೋರಿ ಬಿಸಿಯಾಗಿ ಹೋಗುತ್ತದೆ. ಜೊತೆಗೆ ಕಾರಿನೊಳಗೆ ಸುಮ್ನೆ 230 ವೋಲ್ಟ್ ತಂದಿಟ್ಟುಕೊಂಡಂತಾಯಿತು. ಅದಕ್ಕೇ ನನ್ನ ಸಲಹೆ ಯಾವಾಗಲೂ ಇದೇ: ಮೊದಲು ಯುಎಸ್‌ಬಿಯಲ್ಲಿ ಆಗುತ್ತದಾ ನೋಡಿ, ಇಲ್ಲವಾದರೆ ಆ ಸಾಧನದ್ದೇ 12 ವೋಲ್ಟ್ ಕೇಬಲ್ ಸಿಗುತ್ತದಾ ವಿಚಾರಿಸಿ, ಎರಡೂ ಇಲ್ಲದಿದ್ದರೆ ಮಾತ್ರ ಇನ್ವರ್ಟರ್. ಡ್ರೋನ್ ಬ್ಯಾಟರಿ, ಕ್ಯಾಮೆರಾ ಬ್ಯಾಟರಿಗಳಿಗೂ ಕಾರ್ ಚಾರ್ಜರ್ ಸಿಗುತ್ತವೆ.

150 ವ್ಯಾಟ್ ಇನ್ವರ್ಟರನ್ನು ಸಾಕೆಟ್‌ಗೆ ಸಿಕ್ಕಿಸಿದರೆ 150 ವ್ಯಾಟ್ ಸಿಗುತ್ತದಾ?

120 ವ್ಯಾಟ್ ಸಾಕೆಟ್‌ನಲ್ಲಿ ಸಿಗುವುದಿಲ್ಲ. ಇನ್ವರ್ಟರ್‌ಗೆ ಹೋದ ಕರೆಂಟ್‌ನಲ್ಲಿ ಹತ್ತರಿಂದ ಹದಿನೈದು ಪರ್ಸೆಂಟ್ ಅದರಲ್ಲೇ ಖರ್ಚಾಗುತ್ತದೆ. 150 ವ್ಯಾಟ್ ಹೊರಗೆ ಬರಬೇಕಾದರೆ 175 ವ್ಯಾಟ್‌ನಷ್ಟು ಒಳಗೆ ಹೋಗಬೇಕು. ಅದು ಹದಿನಾಲ್ಕೂವರೆ ಆಂಪಿಯರ್. ಸಾಕೆಟ್ ತಾಳುವುದು ಹತ್ತು. ಹಾಗಾಗಿ ಇನ್ವರ್ಟರ್ ಮೇಲೆ ಏನೇ ಬರೆದಿರಲಿ, ಅಂಥ ಸಾಕೆಟ್‌ನಿಂದ 100 ವ್ಯಾಟ್‌ನೊಳಗೆ ಕೆಲಸ ಮುಗಿಸಿ. ಪಕ್ಕದಲ್ಲಿ ಒಂದು ಸಾಕೆಟ್ಟನ್ನು ಎರಡು ಮೂರು ಮಾಡುವ ಸ್ಪ್ಲಿಟರ್ ಹಾಕಿ ಮೊಬೈಲ್ ಚಾರ್ಜರ್, ಟೈರಿಗೆ ಗಾಳಿ ತುಂಬುವ ಪಂಪ್ ಎಲ್ಲಾ ಸಿಕ್ಕಿಸಿದ್ದರೆ ಅದೂ ಇದೇ ಹತ್ತು ಆಂಪಿಯರ್‌ನಲ್ಲೇ ಪಾಲು.

ಬಾಕ್ಸ್ ಮೇಲೆ "300 ವ್ಯಾಟ್ ಪೀಕ್" ಎಂದಿದ್ದರೆ ಅದು ಕ್ಷಣಮಾತ್ರ ಕೊಡುವ ಶಕ್ತಿ. ಸತತವಾಗಿ ಎಷ್ಟು ಕೊಡುತ್ತದೆ ಎನ್ನುವುದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಪ್ಯೂರ್ ಸೈನ್ ವೇವ್ ತೆಗೆದುಕೊಳ್ಳಬೇಕಾ, ಮಾಡಿಫೈಡ್ ಸಾಕಾ?

ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ನಯವಾಗಿ ಏರಿ ಇಳಿಯುತ್ತದೆ. ಪ್ಯೂರ್ ಸೈನ್ ಇನ್ವರ್ಟರ್ ಕೊಡುವುದೂ ಹಾಗೇ. ಮಾಡಿಫೈಡ್ ಇನ್ವರ್ಟರ್ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುತ್ತದೆ. ಲ್ಯಾಪ್‌ಟಾಪ್, ಕ್ಯಾಮೆರಾ ಅಡಾಪ್ಟರ್‌ಗಳು ಎರಡರಲ್ಲೂ ಸಾಮಾನ್ಯವಾಗಿ ನಡೆಯುತ್ತವೆ. ಮೋಟಾರ್ ಇರುವ ಸಾಮಾನುಗಳು ಮಾಡಿಫೈಡ್‌ನಲ್ಲಿ ಗುಂಯ್ ಅನ್ನುತ್ತವೆ, ಜಾಸ್ತಿ ಬಿಸಿಯಾಗುತ್ತವೆ. ಗೋಡೆಗೆ ನೇರ ಸಿಕ್ಕಿಸುವ ಕೆಲವು ಅಗ್ಗದ ಟ್ರಿಮ್ಮರ್, ಟಾರ್ಚ್‌ಗಳು ಸುಟ್ಟೇ ಹೋಗಬಹುದು. ವೈದ್ಯಕೀಯ ಉಪಕರಣ ಆದರೆ ಪ್ಯೂರ್ ಸೈನ್ ಬಿಟ್ಟು ಬೇರೆ ಬೇಡ.

ಮಿಕ್ಸಿ, ಕೆಟಲ್, ಇಂಡಕ್ಷನ್ ಒಲೆ?

ಬೇಡ. ಮಿಕ್ಸಿ 500 ರಿಂದ 750 ವ್ಯಾಟ್, ಕೆಟಲ್ 1500 ವ್ಯಾಟ್ ಹತ್ತಿರ, ಇಂಡಕ್ಷನ್ ಒಲೆ 2000 ವ್ಯಾಟ್‌ವರೆಗೂ ಹೋಗುತ್ತದೆ. ಎಂಜಿನ್ ಓಡುವಾಗ ಕರೆಂಟ್ ತಯಾರಿಸುವುದು ಆಲ್ಟರ್ನೇಟರ್. ಸಣ್ಣ ಕಾರಿನ ಇಡೀ ಆಲ್ಟರ್ನೇಟರ್‌ಗೂ ಇದು ಹೊರೆ. ಪ್ರವಾಸದಲ್ಲಿ ಬಿಸಿನೀರು ಬೇಕಾದರೆ ಫ್ಲಾಸ್ಕ್ ತುಂಬಿಸಿಕೊಂಡು ಹೋಗಿ.

ದೊಡ್ಡ ಇನ್ವರ್ಟರನ್ನು ನೇರ ಬ್ಯಾಟರಿಗೆ ಕೊಡಿಸಬಹುದಾ?

ಕೊಡಿಸಬಹುದು, ಆದರೆ ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲಿ. ಬಿಟ್ಟುಕೊಡಲೇಬಾರದ ವಿಷಯ ಫ್ಯೂಸ್. ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಹೊರಡುವ ವೈರಿಗೆ, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸ್ ಇರಬೇಕು. ಇನ್ವರ್ಟರ್ ಹತ್ತಿರ ಫ್ಯೂಸ್ ಹಾಕಿ ಮಧ್ಯದ ವೈರನ್ನು ಹಾಗೇ ಬಿಟ್ಟರೆ ಏನೂ ಪ್ರಯೋಜನ ಇಲ್ಲ. ಆ ವೈರು ಬಾನೆಟ್‌ನ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದ ದಿನ ಕಾರಿನ ತಗಡಿಗೇ ತಾಗಿ ಶಾರ್ಟ್ ಆಗುತ್ತದೆ. ಸೆಲ್ಫ್ ಮೋಟಾರ್ ತಿರುಗಿಸುವ ಬ್ಯಾಟರಿ ಅದು, ನೂರಾರು ಆಂಪಿಯರ್ ಒಮ್ಮೆಲೇ ಹರಿಸಬಲ್ಲದು. ನಡುವೆ ತಡೆಯುವವರು ಯಾರೂ ಇಲ್ಲದಿದ್ದರೆ ವೈರು ಕೆಂಪಗೆ ಕಾಯ್ದು ಪಕ್ಕದ ಪ್ಲಾಸ್ಟಿಕ್‌ಗೆಲ್ಲ ಬೆಂಕಿ ಹತ್ತುತ್ತದೆ. ತಗಡು ದಾಟುವ ಕಡೆಯೆಲ್ಲ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಹಾಕಿದ್ದಾರಾ ಎಂದು ನೀವೇ ಬಗ್ಗಿ ನೋಡಿ.

ವೈರು ದಪ್ಪ ಇರಬೇಕು, ಉದ್ದ ಕಡಿಮೆ ಇರಬೇಕು. ಇನ್ವರ್ಟರ್ ಜೊತೆ ಬಂದ ತೆಳು ವೈರಿಗೆ ಇನ್ನೊಂದು ತುಂಡು ಸುತ್ತಿ ಟೇಪ್ ಹಚ್ಚುವುದು ಬೇಡವೇ ಬೇಡ. ಇನ್ವರ್ಟರ್ ಗಾಳಿಯಾಡುವ ಕಡೆ ಇರಲಿ. ಬಾನೆಟ್ ಒಳಗೆ ಇಡಬೇಡಿ, ಬಿಸಿಯೂ ನೀರೂ ಎರಡೂ ಅಲ್ಲಿರುತ್ತವೆ.

ಎಂಜಿನ್ ತಾನಾಗಿಯೇ ಆಫ್ ಆಗಿ ಆನ್ ಆಗುವ ಹೊಸ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ಒಳಗೆ ಹೊರಗೆ ಹೋಗುವ ಕರೆಂಟನ್ನು ಅದು ಲೆಕ್ಕ ಇಡುತ್ತದೆ. ಇನ್ವರ್ಟರ್‌ನ ಮೈನಸ್ ವೈರನ್ನು ನೇರ ಟರ್ಮಿನಲ್‌ಗೆ ಬಿಗಿದರೆ ಆ ಲೆಕ್ಕ ತಪ್ಪುತ್ತದೆ. ಕಾರಿನ ಬಾಡಿಯ ಅರ್ಥ್ ಬೋಲ್ಟ್‌ಗೆ ಕೊಡಿಸಬೇಕು. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ವೈರಿಂಗ್ ಮುಟ್ಟುವ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ.

ಸಾಕೆಟ್‌ನ ಫ್ಯೂಸ್ ಪದೇ ಪದೇ ಹೋಗುತ್ತಿದೆ. ದೊಡ್ಡ ಫ್ಯೂಸ್ ಹಾಕಲಾ?

ಹಾಕಬೇಡಿ. ಫ್ಯೂಸ್ ಇರುವುದು ಅದರ ಹಿಂದಿನ ವೈರನ್ನು ಉಳಿಸಲು. 10 ಆಂಪಿಯರ್‌ನ ಕೆಂಪು ಫ್ಯೂಸ್ ತೆಗೆದು 20ರ ಹಳದಿ ಫ್ಯೂಸ್ ಹಾಕಿದರೆ ಫ್ಯೂಸ್ ನಿಲ್ಲುತ್ತದೆ, ಡ್ಯಾಶ್‌ಬೋರ್ಡ್ ಒಳಗಿನ ವೈರು ಸುಡುತ್ತದೆ. 15ರದ್ದು ನೀಲಿ, 30ರದ್ದು ಹಸಿರು. ಯಾವ ಬಣ್ಣ ತೆಗೆದಿರೋ ಅದೇ ಬಣ್ಣ ವಾಪಸ್ ಹಾಕಿ. ಬೆಳ್ಳಿಕಾಗದ, ತಾಮ್ರದ ಎಳೆ ಸುತ್ತಿ ಕೂರಿಸುವ ಅಭ್ಯಾಸ ಕೆಲವರಲ್ಲಿದೆ. ದಯವಿಟ್ಟು ಬಿಡಿ, ಕಾರಿಗೆ ಬೆಂಕಿ ಬೀಳುವುದು ಇಂಥದ್ದರಿಂದಲೇ.

ಮತ್ತೆ ಮತ್ತೆ ಹೋಗುತ್ತಿದ್ದರೆ ಲೋಡ್ ಜಾಸ್ತಿ ಅಥವಾ ಎಲ್ಲೋ ಶಾರ್ಟ್. ಸಾಕೆಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಿದ್ದ ನಾಣ್ಯವೋ ಪಿನ್ನೋ ತಳದಲ್ಲಿ ಸಿಕ್ಕಿಕೊಂಡಿರಬಹುದು. ಕೀ ಆಫ್ ಮಾಡಿ, ಫ್ಯೂಸ್ ಕಿತ್ತು, ಆಮೇಲೆ ಅದನ್ನು ತೆಗೆಯಿರಿ.

ಪ್ಲಗ್ ಬಿಸಿಯಾಗುತ್ತದೆ. ಪರವಾಗಿಲ್ವಾ?

ಸ್ವಲ್ಪ ಬೆಚ್ಚಗಾದರೆ ಪರವಾಗಿಲ್ಲ. ಅರ್ಧ ಗಂಟೆ ಓಡಿಸಿದ ಮೇಲೆ ಗಾಡಿ ನಿಲ್ಲಿಸಿ, ಪ್ಲಗ್ ಎಳೆದು, ತುದಿಗೆ ಬೆರಳನ್ನು ಹತ್ತಿರ ತನ್ನಿ. ಹಿಡಿಯಲಾಗದಷ್ಟು ಸುಡುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಆಮೇಲೆ ತಣ್ಣಗಾದಾಗ ಬೆಳಕಿಗೆ ಹಿಡಿದು ನೋಡಿ. ತುದಿಯ ಲೋಹದ ಗುಂಡಿ ಹೊಳೆಯುತ್ತಿರಬೇಕು, ಒತ್ತಿದರೆ ಒಳಗೆ ಹೋಗಿ ಸ್ಪ್ರಿಂಗ್‌ನಿಂದ ಹೊರಗೆ ಬರಬೇಕು. ಗುಂಡಿ ಕಪ್ಪಾಗಿದ್ದರೆ, ಸುತ್ತಲಿನ ಪ್ಲಾಸ್ಟಿಕ್ ಕಂದು ತಿರುಗಿದ್ದರೆ, ಅಂಚು ಕರಗಿ ಸೊಟ್ಟಗಾಗಿದ್ದರೆ ಅದು ಲೂಸ್ ಕಾಂಟ್ಯಾಕ್ಟ್. ನಮ್ಮ ರಸ್ತೆಗಳ ಹಂಪ್, ಗುಂಡಿಗಳಲ್ಲಿ ಪ್ಲಗ್ ಅಲುಗಾಡಿ ಅಲುಗಾಡಿ ಹೀಗಾಗುತ್ತದೆ. ಲೂಸ್ ಕಾಂಟ್ಯಾಕ್ಟ್ ಮಾಡುವ ಬಿಸಿಗೆ ಫ್ಯೂಸ್ ಹೋಗುವುದಿಲ್ಲ, ಏಕೆಂದರೆ ಹರಿಯುವ ಆಂಪಿಯರ್ ಜಾಸ್ತಿ ಆಗಿರುವುದಿಲ್ಲ. ಹಾಗಾಗಿ ಇದನ್ನು ನಿಮ್ಮ ಕಣ್ಣು, ಮೂಗು, ಬೆರಳೇ ಹಿಡಿಯಬೇಕು. ಅಂಥ ಪ್ಲಗ್ ಬಿಸಾಡಿ. ಸಾಕೆಟ್ಟೇ ಸಡಿಲ ಆಗಿದ್ದರೆ ಬದಲಾಯಿಸಿ.

ಎಂಜಿನ್ ಆಫ್ ಮಾಡಿಕೊಂಡು ಎಷ್ಟು ಹೊತ್ತು ಬಳಸಬಹುದು?

ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಅವರ್. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್. 5000 ಎಂಎಎಚ್‌ನ ಮೊಬೈಲ್ ಪೂರ್ತಿ ತುಂಬಲು ಅದರಿಂದ ಸುಮಾರು ಎರಡು ಆಂಪಿಯರ್ ಅವರ್ ಸಾಕು. ಒಂದೆರಡು ಮೊಬೈಲ್‌ಗೆ ಚಿಂತೆ ಇಲ್ಲ. 60 ವ್ಯಾಟ್ ಲ್ಯಾಪ್‌ಟಾಪ್ ಇನ್ವರ್ಟರ್ ಮೂಲಕ ಓಡಿದರೆ ಗಂಟೆಗೆ ಆರು ಆಂಪಿಯರ್ ಅವರ್ ಹೋಗುತ್ತದೆ. ಒಂದು ಗಂಟೆ ಸರಿ, ಎರಡಾದರೆ ಹೆಚ್ಚಾಯಿತು.

35ರಲ್ಲಿ 12 ಹೋದರೆ ಇನ್ನೂ 23 ಉಳಿದಿದೆಯಲ್ಲ ಅನ್ನಿಸಬಹುದು. ಕಾರಿನ ಬ್ಯಾಟರಿ ಮಾಡಿರುವುದು ಸೆಲ್ಫ್ ಹೊಡೆಯುವಾಗ ಒಂದೆರಡು ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟು, ಮತ್ತೆ ತುಂಬಿಕೊಳ್ಳಲು. ಮನೆಯ ಯುಪಿಎಸ್ ಬ್ಯಾಟರಿಯ ಹಾಗೆ ನಿಧಾನವಾಗಿ ಖಾಲಿ ಮಾಡಿದರೆ ಅದರ ಆಯಸ್ಸೇ ಕಡಿಮೆಯಾಗುತ್ತದೆ. ಮೂರು ನಾಲ್ಕು ವರ್ಷ ಆದ ಬ್ಯಾಟರಿಯಲ್ಲಿ 35 ಇರುವುದೂ ಇಲ್ಲ.

ಕೀ ಆಫ್ ಇದ್ದು ಒಂದಿಷ್ಟು ಹೊತ್ತು ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ ಎಂದರ್ಥ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ಆಸುಪಾಸು ಇರುತ್ತದೆ. ಸಾಕೆಟ್‌ಗೆ ಹಾಕುವ, ವೋಲ್ಟ್ ತೋರಿಸುವ ಚಾರ್ಜರ್‌ಗಳು ಸಿಗುತ್ತವೆ. ಬಹಳ ಉಪಯೋಗದ ವಸ್ತು. ಇನ್ವರ್ಟರ್ ಕುಂಯ್ ಕುಂಯ್ ಎಂದು ಕೂಗುವ ತನಕ ಕಾಯಬೇಡಿ. ಅದು ಕೂಗುವುದು ಹತ್ತೂವರೆ ವೋಲ್ಟ್ ಹತ್ತಿರ, ಅಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗುವ ಆಸೆ ಬಿಟ್ಟ ಹಾಗೆ.

ಇಳಿಯುವಾಗ ಇನ್ವರ್ಟರ್ ಕಿತ್ತಿಡಿ. ಏನೂ ಸಿಕ್ಕಿಸದಿದ್ದರೂ ಅದು ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇರುತ್ತದೆ. ಕೆಲವು ಕಾರುಗಳಲ್ಲಿ ಕೀ ತೆಗೆದರೂ ಸಾಕೆಟ್‌ಗೆ ಕರೆಂಟ್ ಇರುತ್ತದೆ.

ಹಾಗಾದರೆ ಎಂಜಿನ್ ಓಡುತ್ತಲೇ ಇರಲಿ, ಅಲ್ವಾ?

ಬಯಲಲ್ಲಿ ಸರಿ. ಶೆಡ್‌ನಲ್ಲಿ, ಬೇಸ್‌ಮೆಂಟ್‌ನಲ್ಲಿ, ಬಾಗಿಲು ಹಾಕಿದ ಗ್ಯಾರೇಜ್‌ನಲ್ಲಿ ಯಾವ ಕಾರಣಕ್ಕೂ ಬೇಡ. ಸೈಲೆನ್ಸರ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾಗಿ ಹಾಗೇ ಎಚ್ಚರ ತಪ್ಪುತ್ತದೆ. ಕರೆಂಟ್ ಇಲ್ಲದ ಮಳೆಯ ರಾತ್ರಿ ಮನೆಗೆ ಅಂಟಿಕೊಂಡ ಶೆಡ್‌ನಲ್ಲಿ ಕಾರ್ ಸ್ಟಾರ್ಟ್ ಮಾಡಿ ಮೊಬೈಲ್‌ಗಳನ್ನು ಚಾರ್ಜ್‌ಗೆ ಹಾಕುವ ಮನಸ್ಸಾಗುವುದು ಸಹಜ. ದಯವಿಟ್ಟು ಗಾಡಿಯನ್ನು ಅಂಗಳಕ್ಕೆ ತನ್ನಿ. ಕಿಟಕಿ, ಬಾಗಿಲಿನಿಂದ ದೂರ ನಿಲ್ಲಿಸಿ. ಸೈಲೆನ್ಸರ್ ಬಾಯಿ ಕೆಸರಿಗೋ ಧರೆಗೋ ಒತ್ತಿಕೊಂಡಿರಬಾರದು. ಎಸಿ ಹಾಕಿಕೊಂಡು, ಎಂಜಿನ್ ಓಡುತ್ತಿರುವಾಗಲೇ ಒಳಗೆ ಮಲಗುವುದೂ ಬೇಡ.

ಕಾರಿನ ಇನ್ವರ್ಟರ್‌ನಿಂದ ಮನೆಗೆ ಲೈಟು ಹಾಕಿಕೊಳ್ಳಬಹುದಾ?

ಒಂದೆರಡು ಎಲ್‌ಇಡಿ ಬಲ್ಬು, ವೈಫೈ ರೂಟರ್ ಇಂಥವನ್ನು ಒಳ್ಳೆಯ ಎಕ್ಸ್‌ಟೆನ್ಶನ್ ವೈರಿನಲ್ಲಿ ನೇರ ಉರಿಸಿಕೊಳ್ಳಿ. ಮನೆಯ ಗೋಡೆಯ ಪ್ಲಗ್ ಪಾಯಿಂಟ್‌ಗೆ ಇನ್ವರ್ಟರ್ ಕರೆಂಟ್ ಕೊಟ್ಟು ಇಡೀ ಮನೆ ಬೆಳಗಿಸುವ ಸಾಹಸ ಮಾತ್ರ ಬೇಡ. ಆ ಕರೆಂಟ್ ಮೀಟರ್ ದಾಟಿ ಲೈನಿಗೆ ಹೋಗಬಹುದು. ಟ್ರಾನ್ಸ್‌ಫಾರ್ಮರ್ ಅದನ್ನು ಮೇಲ್ಮುಖವಾಗಿ ಸಾವಿರಾರು ವೋಲ್ಟ್ ಮಾಡಬಲ್ಲದು. ಲೈನ್ ಸತ್ತಿದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಇದು ಅಪಾಯ. ಲೈನಿನ ಕರೆಂಟ್ ವಾಪಸ್ ಬಂದ ಕ್ಷಣ ನಿಮ್ಮ ಇನ್ವರ್ಟರೂ ಸಿಡಿಯುತ್ತದೆ.

ಮನೆಯಲ್ಲಿ ನೆಬ್ಯುಲೈಸರ್ (ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಯಂತ್ರ), ಸಿಪ್ಯಾಪ್ (ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತುವ ಯಂತ್ರ) ಬಳಸುವವರಿದ್ದಾರೆ. ದಾರಿಯಲ್ಲಿ ಏನು ಮಾಡುವುದು?

ಹೊರಡುವ ಹಿಂದಿನ ದಿನವೇ ಮನೆ ಮುಂದೆ ನಿಲ್ಲಿಸಿದ ಕಾರಿನಲ್ಲಿ ಒಮ್ಮೆ ಓಡಿಸಿ ನೋಡಿ. ಉಪಕರಣದ ಕೆಳಗಿನ ಲೇಬಲ್‌ನಲ್ಲಿ ವ್ಯಾಟ್ ಬರೆದಿರುತ್ತದೆ. ಸಿಪ್ಯಾಪ್‌ಗೆ ಅನೇಕ ಕಂಪನಿಗಳು 12 ವೋಲ್ಟ್ ಕೇಬಲನ್ನೇ ಮಾರುತ್ತವೆ. ಅದೇ ಎಲ್ಲಕ್ಕಿಂತ ಒಳ್ಳೆಯದು. ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಆಫ್ ಮಾಡಿದರೆ ಕರೆಂಟ್ ಬಹಳ ಉಳಿಯುತ್ತದೆ, ಆದರೆ ಡಾಕ್ಟರನ್ನು ಕೇಳಿ. ಕಂಪ್ರೆಸರ್ ನೆಬ್ಯುಲೈಸರ್ ಸಾಕೆಟ್‌ನ ಮಿತಿ ದಾಟಬಹುದು. ಪ್ರಯಾಣಕ್ಕೆ ಯುಎಸ್‌ಬಿಯಲ್ಲಿ ನಡೆಯುವ ಮೆಶ್ ನೆಬ್ಯುಲೈಸರ್ ಸಿಗುತ್ತದೆ. ಮನೆಯಲ್ಲಿಡುವ ಐದು ಲೀಟರ್ ಆಕ್ಸಿಜನ್ ಕಾನ್ಸಂಟ್ರೇಟರ್ 300 ವ್ಯಾಟ್‌ಗೂ ಮೇಲೆ ಎಳೆಯುತ್ತದೆ. ಅದನ್ನು ಕಾರಿನ ಸಾಕೆಟ್ ನಂಬಿಕೊಂಡು ಒಯ್ಯಬೇಡಿ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಳೆಗೆ ಗುಡ್ಡ ಕುಸಿದರೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಆಕ್ಸಿಜನ್‌ಗೆ ಬೇರೆ ವ್ಯವಸ್ಥೆ ಜೊತೆಗೇ ಇರಲಿ.

ಪವರ್ ಬ್ಯಾಂಕ್ ಕಾರಿನಲ್ಲೇ ಬಿಟ್ಟರೆ?

ಬಿಡಬೇಡಿ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಗಾಜು ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅದಕ್ಕಿಂತ ಎಷ್ಟೋ ಜಾಸ್ತಿ. ಲಿಥಿಯಂ ಬ್ಯಾಟರಿಗೆ ಆ ಬಿಸಿ ಆಗಿಬರುವುದಿಲ್ಲ. ಹೊಟ್ಟೆ ಉಬ್ಬಿದ ಪವರ್ ಬ್ಯಾಂಕ್ ಕಂಡರೆ ಮತ್ತೆ ಚಾರ್ಜ್‌ಗೆ ಹಾಕಬೇಡಿ. ಕೊಳ್ಳುವಾಗ ಬಿಐಎಸ್ ಗುರುತು, ನೋಂದಣಿ ಸಂಖ್ಯೆ ಇದೆಯಾ ನೋಡಿ.

ಕೇಬಲ್‌ಗಳನ್ನು ಎಲ್ಲಿ ಎಳೆಯಬೇಕು?

ಗೇರ್, ಪೆಡಲ್, ಸ್ಟೀರಿಂಗ್‌ನಿಂದ ದೂರ. ಏರ್‌ಬ್ಯಾಗ್ ಎಂದು ಬರೆದಿರುವ ಮುಚ್ಚಳಗಳ ಮೇಲಿಂದ ಬೇಡ. ಡ್ಯಾಶ್‌ಕ್ಯಾಮ್ ವೈರನ್ನು ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಒಳಗೆ ತೂರಿಸುವಾಗ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗಳ ಮೇಲಿಂದ ಬಿಚ್ಚಿಕೊಳ್ಳುವ ಏರ್‌ಬ್ಯಾಗ್) ಹಿಂದಿನಿಂದ ಹೋಗಬೇಕು, ಮುಂದಿನಿಂದ ಹೋದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿ. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪರಾಧ. ಪ್ಲಗ್ ಸಿಕ್ಕಿಸುವ ಕೆಲಸವನ್ನೂ ಗಾಡಿ ನಿಲ್ಲಿಸಿಯೇ ಮಾಡಿ.

ಇನ್ವರ್ಟರ್‌ನಿಂದ ಶಾಕ್ ಹೊಡೆಯುತ್ತದಾ?

ಹೊಡೆಯುತ್ತದೆ. ಬರೋದು 12 ವೋಲ್ಟ್ ಬ್ಯಾಟರಿಯಿಂದಲೇ ಆದರೂ ಔಟ್‌ಪುಟ್ 230 ವೋಲ್ಟ್, ಮನೆಯ ಕರೆಂಟ್‌ನಷ್ಟೇ ಅಪಾಯ. ಮನೆಯಲ್ಲಿರುವ ಅರ್ಥಿಂಗ್, ಕರೆಂಟ್ ಸೋರಿದರೆ ತಾನಾಗಿಯೇ ಕಡಿಯುವ ಆರ್‌ಸಿಸಿಬಿ ಸ್ವಿಚ್ ಇಲ್ಲಿ ಇರುವುದಿಲ್ಲ. ಒದ್ದೆ ಕೈ, ನೀರು ಸೋರುವ ಕೊಡೆ, ಸಿಪ್ಪೆ ಕಿತ್ತ ವೈರು ಹತ್ತಿರ ಬರಬಾರದು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ ಇನ್ವರ್ಟರ್ ಅವರ ಕೈಗೆ ಸಿಗದ ಹಾಗಿರಲಿ.

ಲಾರಿ, ಬಸ್ಸಿನಲ್ಲಿ ಇದೇ ಇನ್ವರ್ಟರ್ ನಡೆಯುತ್ತದಾ?

ದೊಡ್ಡ ಲಾರಿ, ಬಸ್ಸುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್. ಬರೀ 12 ವೋಲ್ಟ್ ಎಂದು ಬರೆದಿರುವ ಇನ್ವರ್ಟರ್ ಅಲ್ಲಿ ಸುಟ್ಟುಹೋಗುತ್ತದೆ.

ಬ್ಯಾಟರಿ ಡೌನ್ ಆಗಿಯೇ ಹೋಯಿತು. ಈಗ?

ಮೊದಲು ಇನ್ವರ್ಟರ್, ಚಾರ್ಜರ್ ಎಲ್ಲಾ ಕಿತ್ತುಬಿಡಿ. ಎಸಿ, ಲೈಟ್ ಆಫ್ ಮಾಡಿ. ಇನ್ನೊಂದು ಕಾರು ಹತ್ತಿರ ತನ್ನಿ, ಎರಡೂ ಒಂದಕ್ಕೊಂದು ತಾಗಬಾರದು. ಕೆಂಪು ಕೇಬಲ್ ಮೊದಲು ಡೌನ್ ಆದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಅದರ ಕೊನೆಯ ತುದಿಯನ್ನು ಡೌನ್ ಆದ ಬ್ಯಾಟರಿಗೆ ಕೊಡದೆ, ಅದರಿಂದ ದೂರದಲ್ಲಿ ಎಂಜಿನ್‌ನ ಬಣ್ಣ ಬಳಿಯದ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಕೊನೆಯ ಕಿಡಿ ಅದರ ಹತ್ತಿರ ಹಾರಬಾರದು. ಸ್ಟಾರ್ಟ್ ಆದ ಮೇಲೆ ಉಲ್ಟಾ ಕ್ರಮದಲ್ಲಿ ಬಿಚ್ಚಿ. ಅರ್ಧ ಗಂಟೆಯಾದರೂ ಓಡಿಸಿ. ನಿಂತಲ್ಲೇ ಐಡ್ಲಿಂಗ್‌ನಲ್ಲಿ ಬಿಟ್ಟರೆ ಅಷ್ಟು ಬೇಗ ತುಂಬುವುದಿಲ್ಲ.

ಎಲೆಕ್ಟ್ರಿಕ್ ಕಾರಿನಲ್ಲಿ ಎಷ್ಟು ಬೇಕಾದರೂ ತೆಗೆಯಬಹುದಾ?

ಅದರ 12 ವೋಲ್ಟ್ ಸಾಕೆಟ್‌ಗೂ ಇದೇ ಮಿತಿ. ಎಲೆಕ್ಟ್ರಿಕ್ ಕಾರಿನಲ್ಲೂ ಲೈಟು, ಲಾಕ್‌ಗಳಿಗೆ ಬೇರೆ ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಆನ್ ಆಗುವುದಿಲ್ಲ. ಸಾಮಾನುಗಳಿಗೆ ಕರೆಂಟ್ ಕೊಡುವ ವಿಟುಎಲ್ ಸೌಲಭ್ಯ ಇರುವ ಕಾರುಗಳ ಮಾತು ಬೇರೆ. ಹ್ಯುಂಡೈ ಐಯಾನಿಕ್ 5 ಕಾರಿನಲ್ಲಿ 3.6 ಕಿಲೋವ್ಯಾಟ್‌ವರೆಗೆ ಸಿಗುತ್ತದೆ. ಟಾಟಾ ನೆಕ್ಸಾನ್‌ನ 2023ರ ನಂತರದ ಎಲೆಕ್ಟ್ರಿಕ್ ಮಾದರಿಯಲ್ಲೂ ಈ ಸೌಲಭ್ಯ ಬಂದಿದೆ. ಇಂಥ ಕಾರಿನಲ್ಲಿ ಕಂಪನಿಯದ್ದೇ ಅಡಾಪ್ಟರ್ ಹಾಕಿದರೆ ಕೆಟಲ್ ಕೂಡ ಇಡಬಹುದು. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನು ಮಾತ್ರ ಯಾವತ್ತೂ ಮುಟ್ಟಬೇಡಿ, ಅದರಲ್ಲಿ ಹರಿಯುವುದು ನೂರಾರು ವೋಲ್ಟ್.